ನೋವಿಗೊಂದು ಭಾಷೆ: ಕಾಸರಗೋಡಿನ ಸಾಂತ್ವನ ಆರೈಕೆ ಮತ್ತು ಅದರ ಸ್ವಯಂಸೇವಕರು

ಸಂಪೂರ್ಣವಾಗಿ ಗುಣಪಡಿಸಲಾಗದ ಕಾಯಿಲೆಗಳಿಂದ ಬಳಲುವವರ ನೋವನ್ನು ಶಮನಗೊಳಿಸಿ, ಉಳಿದ ಬದುಕನ್ನು ಘನತೆಯಿಂದ ಬಾಳಲು ನೆರವಾಗುವ ಶುಶ್ರೂಷೆಗೆ ಕನ್ನಡದಲ್ಲಿ ಉಪಶಾಮಕ ಆರೈಕೆ ಎಂಬ ಹೆಸರಿದೆ. ಮಲಯಾಳದಲ್ಲಿ ಇದನ್ನು ಸಾಂತ್ವನ ಪರಿಚರಣ ಎನ್ನುತ್ತಾರೆ. ನಮ್ಮ ಊರುಗಳ ಬಾಯಿಮಾತಿನಲ್ಲಿ ಇದು ಬರಿಯ 'ಪಾಲಿಯೇಟಿವ್'. ವಾರಕ್ಕೋ ತಿಂಗಳಿಗೋ ಒಮ್ಮೆ ಪಂಚಾಯತಿನ ವಾಹನದಲ್ಲಿ ದಾದಿಯೊಬ್ಬರು ಸ್ವಯಂಸೇವಕರೊಡನೆ ಮನೆಯಂಗಳಕ್ಕೆ ಬಂದಿಳಿಯುವುದನ್ನು ಮಂಜೇಶ್ವರದಿಂದ ಅಡೂರಿನವರೆಗಿನ ಕನ್ನಡಿಗರೆಲ್ಲರೂ ಕಂಡಿದ್ದಾರೆ. ಆದರೆ ಈ ವ್ಯವಸ್ಥೆ ಹೇಗೆ ಹುಟ್ಟಿತು, ಅದರಲ್ಲಿ ಸ್ವಯಂಸೇವಕರ ಪಾತ್ರವೇನು, ಅಲ್ಪಸಂಖ್ಯಾತ ಭಾಷಿಕರಾದ ನಮಗೆ ಅದರಿಂದ ಏನು ದೊರೆಯಬೇಕು ಎಂಬುದು ಅನೇಕರಿಗೆ ತಿಳಿದಿಲ್ಲ. ಆ ಕೊರತೆಯನ್ನು ತುಂಬುವುದು ಈ ಲೇಖನದ ಉದ್ದೇಶ.

ಹುಟ್ಟು ಮತ್ತು ಬೆಳವಣಿಗೆ

ಆಧುನಿಕ ಉಪಶಾಮಕ ಆರೈಕೆಯ ತಾಯಿಬೇರು ಲಂಡನ್ನಿನಲ್ಲಿದೆ. ಅಲ್ಲಿ ಡಾ. ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಶುಶ್ರೂಷಾಲಯವನ್ನು ತೆರೆದರು. ನೋವೆಂಬುದು ಕೇವಲ ದೇಹದ್ದಲ್ಲ. ಅದು ಮನಸ್ಸಿನದು, ಕುಟುಂಬದ್ದು, ಹಣಕಾಸಿನದು, ನಂಬಿಕೆಯದು ಕೂಡ ಎಂಬುದು ಅವರು ಪ್ರತಿಪಾದಿಸಿದ 'ಸಮಗ್ರ ನೋವು' ಎಂಬ ಕಲ್ಪನೆ.

ಕೇರಳದಲ್ಲಿ ಈ ವಿಚಾರ ಬೇರೂರಿದ್ದು 1993ರಲ್ಲಿ. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಒಡನಾಡಿಗಳು ಪೇನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಎಂಬ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಹೊರರೋಗಿ ವಿಭಾಗದ ಒಂದು ಸಣ್ಣ ಕೊಠಡಿಯ ಕೆಲಸವಾಗಿ ಆರಂಭವಾದುದು ಬೇಗನೆ ಒಂದು ಮಿತಿಯನ್ನು ಮುಟ್ಟಿತು. ಹಾಸಿಗೆ ಹಿಡಿದ ರೋಗಿ ಆಸ್ಪತ್ರೆಗೆ ಬರಲಾರ. ವೈದ್ಯರು ಎಲ್ಲ ಮನೆಗಳಿಗೂ ಹೋಗಲಾರರು. ಈ ಅಂತರವನ್ನು ತುಂಬಲು ಊರಿನವರೇ ಮುಂದೆ ಬರಬೇಕೆಂಬ ಚಿಂತನೆಯಿಂದ 2000ದ ಆಸುಪಾಸಿನಲ್ಲಿ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ 'ನೆರೆಹೊರೆಯ ಜಾಲ' ರೂಪುಗೊಂಡಿತು. ಶಿಕ್ಷಕರು, ರೈತರು, ಅಂಗಡಿಯವರು, ಗೃಹಿಣಿಯರು, ನಿವೃತ್ತ ನೌಕರರು, ವಿದ್ಯಾರ್ಥಿಗಳು ಇದರ ಬಲವಾದರು. ಹಣವೂ ಹೊರಗಿನ ದೊಡ್ಡ ದಾನಿಗಳಿಂದ ಬಂದುದಲ್ಲ. ಅಂಗಡಿ ಮುಂಗಟ್ಟುಗಳಲ್ಲಿಟ್ಟ ಡಬ್ಬಿಗಳಿಂದ, ತಿಂಗಳಿಗಿಷ್ಟೆಂದು ಮನೆಗಳವರು ಕೊಟ್ಟ ಚಿಲ್ಲರೆ ಕಾಣಿಕೆಗಳಿಂದ ಕೂಡಿದ್ದು.

2008ರಲ್ಲಿ ಕೇರಳ ಸರಕಾರವು ಉಪಶಾಮಕ ಆರೈಕೆಯ ನೀತಿಯನ್ನು ಘೋಷಿಸಿತು. ಭಾರತದ ರಾಜ್ಯವೊಂದು ಇಂತಹ ನೀತಿಯನ್ನು ರೂಪಿಸಿದ್ದು ಅದೇ ಮೊದಲು. ಇದರಿಂದ ಸ್ಥಳೀಯಾಡಳಿತ ಸಂಸ್ಥೆಗಳು ಈ ಕೆಲಸವನ್ನು ತಮ್ಮ ಯೋಜನೆಗಳಲ್ಲಿ ಸೇರಿಸಿಕೊಂಡವು. ಪ್ರಾಥಮಿಕ ಆರೋಗ್ಯ ಕೇಂದ್ರದ ಆಶ್ರಯದಲ್ಲಿ ತರಬೇತಾದ ದಾದಿಯೊಬ್ಬರು ಮನೆಮನೆಗೆ ಹೋಗುವ ಪದ್ಧತಿ ನೆಲೆಯೂರಿತು. ಹೀಗೆ ಇಂದು ನಮ್ಮ ಜಿಲ್ಲೆಯಲ್ಲಿ ಎರಡು ಹೊಳೆಗಳು ಒಂದಾಗಿ ಹರಿಯುತ್ತಿವೆ: ಒಂದು ಪಂಚಾಯತಿನ ಘಟಕ, ಇನ್ನೊಂದು ಊರಿನ ಸೇವಾಸಂಸ್ಥೆಗಳ ಘಟಕ. ಎರಡರಲ್ಲೂ ಸ್ವಯಂಸೇವಕರಿಲ್ಲದೆ ಕೆಲಸ ಸಾಗದು.

ಸ್ವಯಂಸೇವಕರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ

ನೆರೆಹೊರೆಯ ಜಾಲದ ಪದ್ಧತಿಯಲ್ಲಿ ಸ್ವಯಂಸೇವಕರಾಗಲು ಬಯಸುವವರು ಮೊದಲು ತರಬೇತಿ ಪಡೆಯಬೇಕು. ಹದಿನಾರು ಗಂಟೆಗಳ ಪಾಠ ಮತ್ತು ಚರ್ಚೆ, ಅನಂತರ ಅನುಭವಿಗಳೊಡನೆ ನಾಲ್ಕು ಬಾರಿಯ ಪ್ರಾಯೋಗಿಕ ಅಭ್ಯಾಸ ಎಂಬುದು ಅಲ್ಲಿ ರೂಢಿಗೆ ಬಂದ ಮೂಲ ಕ್ರಮ. ವಾರಕ್ಕೆ ಕನಿಷ್ಠ ಎರಡು ಗಂಟೆಗಳನ್ನು ಮೀಸಲಿಡುವ ಮನಸ್ಸು ಬೇಕು. ವಿದ್ಯಾರ್ಹತೆಯ ಕಟ್ಟಳೆಯಿಲ್ಲ. ಪಾಠದ ಹೆಚ್ಚಿನ ಭಾಗ ಔಷಧದ ಕುರಿತಾದುದಲ್ಲ, ಮಾತಿನ ಕುರಿತಾದುದು: ಹೇಗೆ ಕೇಳಬೇಕು, ಎಲ್ಲಿ ಮೌನವಾಗಿರಬೇಕು, ಸುಳ್ಳು ಭರವಸೆಯನ್ನು ಏಕೆ ಕೊಡಬಾರದು ಎಂಬುದು.

ಮನೆಭೇಟಿಯಲ್ಲಿ ದಾದಿಯು ಗಾಯ ತೊಳೆದು ಕಟ್ಟುವುದು, ಮೂತ್ರನಾಳಿಕೆಯನ್ನು ಬದಲಿಸುವುದು, ಔಷಧವನ್ನು ಪರಿಶೀಲಿಸುವುದು ಇತ್ಯಾದಿಗಳನ್ನು ನೋಡಿಕೊಳ್ಳುತ್ತಾರೆ. ಸ್ವಯಂಸೇವಕರ ಕೆಲಸ ಅದಕ್ಕಿಂತ ವಿಶಾಲವಾದುದು. ಹಾಸಿಗೆಹುಣ್ಣು ಆಗದಂತೆ ರೋಗಿಯ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸುವ ಬಗೆಯನ್ನು ಮನೆಯವರಿಗೆ ತೋರಿಸಿಕೊಡುವುದು. ಗಾಳಿಹಾಸಿಗೆ, ಗಾಲಿಕುರ್ಚಿ, ಊರುಗೋಲುಗಳನ್ನು ಒಂದು ಮನೆಯ ಅಗತ್ಯ ತೀರಿದ ಬಳಿಕ ಇನ್ನೊಂದು ಮನೆಗೆ ತಲುಪಿಸುವುದು. ದುಡಿಯುವ ವ್ಯಕ್ತಿಯೇ ಮಲಗಿರುವ ಮನೆಗೆ ಅಕ್ಕಿ ಬೇಳೆ ಒದಗಿಸುವುದು. ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು. ಪಿಂಚಣಿಯ ಅರ್ಜಿ ತುಂಬಿಸುವುದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ಇರುವ 'ಆಶ್ವಾಸಕಿರಣಂ', ಎಂಡೋಸಲ್ಫಾನ್ ಸಂತ್ರಸ್ತರಿಗಾಗಿ ಇರುವ 'ಸ್ನೇಹಸಾಂತ್ವನಂ' ಮೊದಲಾದ ಯೋಜನೆಗಳ ಹೆಸರು ಎಷ್ಟೋ ಮನೆಗಳಿಗೆ ತಲುಪಿದ್ದು ಇವರ ಮೂಲಕವೇ. ರೋಗಿ ತೀರಿಕೊಂಡ ಮೇಲೂ ಕೆಲವು ಬಾರಿ ಆ ಮನೆಗೆ ಹೋಗಿ ಬರುವುದು ಈ ಸೇವೆಯ ಅಂಗವೇ ಆಗಿದೆ.

ಮನೆಯಲ್ಲಿ ಶುಶ್ರೂಷೆ ಮಾಡುವವರ ಆರೋಗ್ಯವನ್ನೂ ಇಲ್ಲಿ ಮರೆಯುವಂತಿಲ್ಲ. ಹಗಲಿರುಳು ದುಡಿಯುವ ಹೆಂಡತಿ, ಸೊಸೆ ಅಥವಾ ಮಗಳಿಗೆ ಒಂದು ಮಧ್ಯಾಹ್ನದ ಬಿಡುವು ಸಿಗಲೆಂದು ರೋಗಿಯ ಬಳಿ ಕುಳಿತಿರುವುದು ಸಣ್ಣ ಉಪಕಾರವಲ್ಲ. ಆಕೆ ಕುಸಿದರೆ ಇಡೀ ಮನೆಯೇ ಕುಸಿಯುತ್ತದೆ.

ಸ್ವಯಂಸೇವಕರು ಔಷಧ ಸೂಚಿಸುವುದಿಲ್ಲ. ಔಷಧ ನಿಲ್ಲಿಸಲೂ ಹೇಳುವುದಿಲ್ಲ. ರೋಗಿಯ ವಿಷಯವನ್ನು ಹೊರಗೆ ಆಡುವುದಿಲ್ಲ. ಮತ, ಪಕ್ಷಗಳ ಪ್ರಚಾರಕ್ಕೆ ರೋಗಶಯ್ಯೆಯನ್ನು ವೇದಿಕೆ ಮಾಡಿಕೊಳ್ಳುವುದಿಲ್ಲ. ಈ ನಿಯಮಗಳು ಮುರಿದಲ್ಲಿ ಘಟಕದ ಹೊಣೆಗಾರರಿಗೆ ತಿಳಿಸುವ ಹಕ್ಕು ಮನೆಯವರಿಗಿದೆ.

ಎಂಡೋಸಲ್ಫಾನ್ ನೆಲದಲ್ಲಿ

ನಮ್ಮ ಜಿಲ್ಲೆಯಲ್ಲಿ ಈ ಸೇವೆಗೆ ಬೇರೆಡೆ ಇಲ್ಲದ ಭಾರವಿದೆ. ಎಪ್ಪತ್ತರ ದಶಕದಿಂದ 2000ದವರೆಗೆ ಸರಕಾರಿ ತೋಟಗಾರಿಕಾ ನಿಗಮದ ಗೇರುತೋಪುಗಳ ಮೇಲೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು ಸೇರಿದಂತೆ ಹನ್ನೊಂದು ಪಂಚಾಯತುಗಳು ಸಂತ್ರಸ್ತ ಪ್ರದೇಶಗಳೆಂದು ಗುರುತಿಸಲ್ಪಟ್ಟವು. ಇವುಗಳಲ್ಲಿ ಕನ್ನಡ ತುಳು ಮಾತಾಡುವವರ ಊರುಗಳು ಹಲವು. ಈ ಅನಾಹುತವನ್ನು ಲೋಕಕ್ಕೆ ತಿಳಿಸಿದವರಲ್ಲಿ ಎಣ್ಮಕಜೆಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆಯವರು ಪ್ರಮುಖರು. 2010ರ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪರಿಹಾರಕ್ಕೆ ಶಿಫಾರಸು ಮಾಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಈ ಕೀಟನಾಶಕದ ಉತ್ಪಾದನೆ ಮತ್ತು ಮಾರಾಟವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ನೀಡಬೇಕೆಂದು ರಾಜ್ಯಕ್ಕೆ ಆದೇಶಿಸಿತು.

ಆದರೆ ಪರಿಹಾರಧನವು ಮಗ್ಗುಲು ಬದಲಿಸದು. ಅಂದು ಮಗುವಾಗಿದ್ದವರು ಇಂದು ಯುವಕರು. ಅವರನ್ನು ಎತ್ತಿ ಮೀಯಿಸುವ ತಾಯಿ ಈಗ ಮುದುಕಿ. ನನ್ನ ಕಾಲಾನಂತರ ಇವನಿಗೆ ಯಾರು ಎಂಬ ಆ ತಾಯಿಯ ಪ್ರಶ್ನೆಯು ಈ ಪಂಚಾಯತುಗಳ ಸ್ವಯಂಸೇವಕರೆಲ್ಲರೂ ಕೇಳಿರುವಂಥದು. ಉತ್ತರವನ್ನು ಸ್ವಯಂಸೇವಕರೊಬ್ಬರೇ ಕೊಡಲಾರರು. ಆದರೆ ಆ ಪ್ರಶ್ನೆಯನ್ನು ಗ್ರಾಮಸಭೆಗೆ ಒಯ್ಯಬಲ್ಲವರು ಅವರೇ.

ನೋವನ್ನು ಹೇಳುವ ಮಾತು

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ರಕ್ತದೊತ್ತಡವನ್ನು ಯಂತ್ರ ಅಳೆಯುತ್ತದೆ. ನೋವನ್ನು ಅಳೆಯುವ ಯಂತ್ರವಿಲ್ಲ. ರೋಗಿಯ ಮಾತೇ ಅದರ ಅಳತೆಗೋಲು. ಎಲ್ಲಿ ನೋವು, ಎಂಥ ನೋವು, ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬ ಪ್ರಶ್ನೆಗಳ ಉತ್ತರದ ಮೇಲೆ ಔಷಧದ ಆಯ್ಕೆ ನಿಂತಿದೆ. ಉರಿ, ಜುಮುಜುಮು, ಮಿಂಚು ಹೊಡೆದಂತಹ ಸಿಡಿತ ಎಂದರೆ ನರಗಳ ನೋವಿರಬಹುದು. ಅದಕ್ಕೆ ಸಾಮಾನ್ಯ ನೋವುನಿವಾರಕ ಸಾಲದೆ ಬೇರೆ ಬಗೆಯ ಔಷಧ ಬೇಕಾಗಬಹುದು. ಬಂದು ಬಂದು ಹೋಗುವ ನುಲಿತವೆಂದರೆ ಕರುಳಿನ ಸಂಕಟವಿರಬಹುದು. 'ನೋವಿದೆ' ಎಂಬ ಒಂದೇ ಮಾತಿನಲ್ಲಿ ಈ ಭೇದಗಳೆಲ್ಲ ಅಳಿಸಿಹೋಗುತ್ತವೆ.

ದಕ್ಷಿಣದ ಜಿಲ್ಲೆಗಳಿಂದ ಬಂದ ದಾದಿಗೆ ಕನ್ನಡ ಬಾರದು, ಹಾಸಿಗೆಯಲ್ಲಿರುವ ಅಜ್ಜಿಗೆ ಮಲಯಾಳ ಬಾರದು ಎಂಬ ಸ್ಥಿತಿ ನಮ್ಮಲ್ಲಿ ಅಪರೂಪವಲ್ಲ. ಎರಡೂ ದ್ರಾವಿಡ ಭಾಷೆಗಳಾದುದರಿಂದ ಅರ್ಥವಾದೀತು ಎಂದು ಭಾವಿಸುವುದೇ ಅಪಾಯ. ಮಲಯಾಳದಲ್ಲಿ 'ಮುಟ್ಟುವೇದನ' ಎಂದರೆ ಮೊಣಕಾಲಿನ ನೋವು. ನಮ್ಮ ಹೆಂಗಸರ ಕಿವಿಗೆ ಅದು ಬೇರೆಯೇ ಅರ್ಥ ಕೊಟ್ಟು ನಾಚಿಕೆ ಹುಟ್ಟಿಸುತ್ತದೆ. ಅಲ್ಲಿ 'ಪನಿ' ಎಂದರೆ ಜ್ವರ. ಇಲ್ಲಿ ಆ ಪದ ಹನಿಯನ್ನು ನೆನಪಿಸುತ್ತದೆ. 'ಶ್ವಾಸಂ ಮುಟ್ಟಲ್' ಎಂದರೆ ಉಸಿರುಗಟ್ಟುವುದು. ಕನ್ನಡದಲ್ಲಿ ಮುಟ್ಟುವುದೆಂದರೆ ಸ್ಪರ್ಶಿಸುವುದು. ತುಳುವರೂ ಹವ್ಯಕರೂ ನೋವನ್ನು 'ಬೇನೆ' ಎನ್ನುತ್ತಾರೆ. ಏಳು ಭಾಷೆಗಳ ಸಂಗಮಭೂಮಿಯೆಂದು ನಾವು ಹೆಮ್ಮೆಪಡುವ ನೆಲದಲ್ಲಿ, ರೋಗಶಯ್ಯೆಯ ಪಕ್ಕದಲ್ಲಿ ಒಂದು ಭಾಷೆಯೂ ಸರಿಯಾಗಿ ಸಂಗಮಿಸದಿದ್ದರೆ ಆ ಹೆಮ್ಮೆಗೆ ಅರ್ಥವೇನು?

ಸಾವಿನ ಸಮೀಪದಲ್ಲಿ ಇದು ಇನ್ನಷ್ಟು ತೀವ್ರವಾಗುತ್ತದೆ. ಕಲಿತ ಭಾಷೆಗಳು ಜಾರಿಹೋಗಿ ತಾಯಿಮಾತೊಂದೇ ಉಳಿಯುವುದನ್ನು ವೃದ್ಧರ ಶುಶ್ರೂಷೆ ಮಾಡಿದವರು ಬಲ್ಲರು. ಜೀವನವಿಡೀ ಪೇಟೆಯಲ್ಲಿ ಮಲಯಾಳ ಆಡಿದವರೂ ಕೊನೆಯ ದಿನಗಳಲ್ಲಿ ನೀರು ಕೇಳುವುದು ಅಮ್ಮನಿಂದ ಕಲಿತ ಮಾತಿನಲ್ಲಿ. ಆ ಮಾತನ್ನು ಬಲ್ಲ ಸ್ವಯಂಸೇವಕರು ಅಲ್ಲಿ ಕೇವಲ ಅನುವಾದಕರಲ್ಲ. ಆರೈಕೆಯ ಒಂದು ಭಾಗವೇ ಆಗಿರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯ ಮಕ್ಕಳನ್ನು ದುಭಾಷಿಗಳನ್ನಾಗಿ ನಿಲ್ಲಿಸಬಾರದು. ಮಲಯಾಳ ಕಲಿತ ಹನ್ನೆರಡು ವರ್ಷದ ಬಾಲಕಿಯ ಬಾಯಿಂದ ಅವಳ ಅಜ್ಜನ ಕಾಯಿಲೆಯ ಗತಿಯನ್ನು ಹೇಳಿಸುವುದು ಮಗುವಿಗೂ ಹಿರಿಯರಿಗೂ ಅನ್ಯಾಯ. ಶಿಕ್ಷಕರಾದ ನಾವು ಇದನ್ನು ಒತ್ತಿ ಹೇಳುತ್ತೇವೆ.

ಗಡಿ ಮತ್ತು ಚಿಕಿತ್ಸೆ

ಉತ್ತರ ಕಾಸರಗೋಡಿನ ರೋಗಿಗಳು ದೊಡ್ಡ ಚಿಕಿತ್ಸೆಗೆ ಮಂಗಳೂರು, ದೇರಳಕಟ್ಟೆಗಳಿಗೆ ಹೋಗುವುದು ತಲೆಮಾರುಗಳ ರೂಢಿ. ಚಿಕಿತ್ಸೆ ಕರ್ನಾಟಕದಲ್ಲಿ, ಅನಂತರದ ಆರೈಕೆ ಕೇರಳದ ಪಂಚಾಯತಿನಲ್ಲಿ. ಎರಡರ ನಡುವೆ ದಾಖಲೆಗಳು ಕಳೆದುಹೋಗುತ್ತವೆ. ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಲು ನೆನಪಿಸುವುದು ಸ್ವಯಂಸೇವಕರ ಪಾಲಿನ ಮುಖ್ಯ ಕೆಲಸ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ದುರ್ಬಲವಾದುದೆಂದು ಎಲ್ಲರಿಗೂ ಅರಿವಾಯಿತು. ಆ ವಾರಗಳಲ್ಲಿ ಮನೆಯ ಬಾಗಿಲಿಗೆ ಬರಬಲ್ಲ ಊರಿನ ಜಾಲದ ಬೆಲೆ ಏನೆಂಬುದೂ ತಿಳಿಯಿತು.

ಮಾರ್ಫಿನ್ ಬಗ್ಗೆಯೂ ಒಂದು ಮಾತು. ಅದು ಚಟ ಹಿಡಿಸುವ ಮದ್ದೆಂದು ಹೆದರಿ ಕೆಲವು ಮನೆಗಳಲ್ಲಿ ರೋಗಿಗೆ ಕೊಡುವುದೇ ಇಲ್ಲ. ಅರ್ಹ ವೈದ್ಯರ ಮೇಲ್ವಿಚಾರಣೆಯಲ್ಲಿ ತೀವ್ರವಾದ ಅರ್ಬುದದ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. 2014ರಲ್ಲಿ ಮಾದಕ ದ್ರವ್ಯ ಕಾನೂನಿಗೆ ತಂದ ತಿದ್ದುಪಡಿಯು ಇಂತಹ ಔಷಧಗಳನ್ನು ರೋಗಿಗಳಿಗೆ ತಲುಪಿಸುವ ದಾರಿಯನ್ನು ಸುಗಮಗೊಳಿಸಿತು. ಅನುಮಾನವಿದ್ದರೆ ವೈದ್ಯರನ್ನು ಕೇಳಬೇಕು, ತಾವಾಗಿ ನಿಲ್ಲಿಸಬಾರದು.

ನಮ್ಮ ಹಕ್ಕು, ನಮ್ಮ ಹೊಣೆ

1969ರ ಕೇರಳ ಆಡಳಿತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಅವಕಾಶ ನೀಡಿದೆ. ಆರೋಗ್ಯ ಇಲಾಖೆಯೂ ಸರಕಾರದ್ದೇ ಇಲಾಖೆ. ಆದ್ದರಿಂದ ಕನ್ನಡ ಪ್ರದೇಶದ ಪಂಚಾಯತುಗಳಲ್ಲಿ ಈ ಮುಂದಿನವುಗಳನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು: ಮನೆಭೇಟಿಯ ಸೂಚನಾಪತ್ರ ಮತ್ತು ಔಷಧದ ಚೀಟಿಯ ವಿವರಣೆ ಕನ್ನಡದಲ್ಲಿರಲಿ; ಸ್ವಯಂಸೇವಕರ ತರಬೇತಿ ಕನ್ನಡದಲ್ಲೂ ನಡೆಯಲಿ; ಮನೆಭೇಟಿಯ ತಂಡದಲ್ಲಿ ಕನ್ನಡ ಅಥವಾ ತುಳು ಬಲ್ಲ ಒಬ್ಬರಾದರೂ ಇರಲಿ; ಆರೈಕೆಯ ಅರ್ಜಿ ನಮೂನೆಗಳು ಎರಡೂ ಭಾಷೆಗಳಲ್ಲಿ ದೊರೆಯಲಿ.

ಹಕ್ಕಿನ ಜೊತೆಗೆ ಹೊಣೆಯೂ ಇದೆ. ತಂಡದಲ್ಲಿ ಕನ್ನಡ ಬಲ್ಲವರಿಲ್ಲ ಎಂದು ದೂರುವ ನಾವು ತಂಡಕ್ಕೆ ಸೇರಬೇಕು. ನಿವೃತ್ತ ಕನ್ನಡ ಶಿಕ್ಷಕರು, ಯುವಕ ಸಂಘಗಳು, ಯಕ್ಷಗಾನ ಮಂಡಳಿಗಳು, ಕುಟುಂಬಶ್ರೀ ಘಟಕಗಳ ಸೋದರಿಯರು ಇದಕ್ಕೆ ಅತ್ಯಂತ ಯೋಗ್ಯರು. ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೂ ತಕ್ಕ ಕೆಲಸಗಳಿವೆ. ಮಲಯಾಳ ಮಾತಾಡುವ ದಾದಿಯರಿಗೆ ಐವತ್ತು ನೋವಿನ ಪದಗಳ ಒಂದು ಕನ್ನಡ–ತುಳು–ಮಲಯಾಳ ಪಟ್ಟಿಯನ್ನು ಮಾಡಿಕೊಡುವುದು ಯಾವ ಶಾಲೆಗಾದರೂ ಸಾಧ್ಯ. ಆ ದಾದಿಯರು ನಮ್ಮ ಎದುರಾಳಿಗಳಲ್ಲ. ಕಾಡುದಾರಿಯಲ್ಲಿ ನಡೆದು ನಮ್ಮ ಹಿರಿಯರ ಗಾಯ ತೊಳೆಯುವವರು ಅವರೇ.

ಸೇರಲು ಅಥವಾ ನೆರವು ಕೇಳಲು ಮೊದಲ ಮೆಟ್ಟಿಲು ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ರೋಗಿಯ ಹೆಸರನ್ನು ಅಲ್ಲಿ ನೋಂದಾಯಿಸಿದ ಬಳಿಕ ಮನೆಭೇಟಿಯ ದಿನವನ್ನು ಗೊತ್ತುಪಡಿಸುತ್ತಾರೆ. ನೋಂದಾಯಿಸುವಾಗಲೇ ಮನೆಯ ಆಡುಮಾತು ಯಾವುದೆಂದು ಬರೆಸಿರಿ. ಕೇರಳದಲ್ಲಿ ಪ್ರತಿವರ್ಷ ಜನವರಿ 15ನ್ನು ಸಾಂತ್ವನ ಆರೈಕೆಯ ದಿನವಾಗಿ ಆಚರಿಸಲಾಗುತ್ತದೆ. ಮುಂದಿನ ಜನವರಿಯ ಒಳಗೆ ಪ್ರತಿಯೊಂದು ಕನ್ನಡ ವಾರ್ಡಿನಿಂದ ಇಬ್ಬರಾದರೂ ತರಬೇತಿಗೆ ಹೆಸರು ಕೊಡಲಿ ಎಂಬುದು ನಮ್ಮ ಕೋರಿಕೆ.