ಧ್ವನಿಮುದ್ರಣಗಳ ಪರಾಮರ್ಶೆ: ಮೈಸೂರಿನ ವಾದ್ಯವೃಂದಾಸಕ್ತಿಯಿಂದ ಗುಡೇಕೋಟೆ ಸೀಮೆಯ ಮೌಖಿಕ ಪರಂಪರೆಯವರೆಗೆ

ಹೊಸ ಧ್ವನಿಮುದ್ರಣವೊಂದು ಕೈಗೆ ಬಂದಾಗ ಅದರ ಮೌಲ್ಯವನ್ನು ಯಾವ ಮಾನದಂಡದಿಂದ ನಿರ್ಣಯಿಸಬೇಕೆಂಬ ಪ್ರಶ್ನೆ ಪಾಶ್ಚಾತ್ಯ ವಾದ್ಯವೃಂದ ಸಂಗೀತದ ಮಟ್ಟಿಗೆ ಬಹಳಷ್ಟು ಇತ್ಯರ್ಥವಾಗಿದೆ. ಅಲ್ಲಿ ಬರೆದಿಟ್ಟ ಸ್ವರಲಿಪಿಯಿದೆ. ಅದೇ ಕೃತಿಯ ಹಿಂದಿನ ಮುದ್ರಣಗಳಿವೆ. ವಿಮರ್ಶಕನು ಹೊಸದನ್ನು ಇವುಗಳ ಪಕ್ಕದಲ್ಲಿಟ್ಟು ತೂಗುತ್ತಾನೆ. ರಾಗಸಂಗೀತದಲ್ಲಿ ಸ್ವರಲಿಪಿಯ ಸ್ಥಾನವನ್ನು ಗುರುಪರಂಪರೆಯ ನೆನಪು ತುಂಬುತ್ತದೆ. ಮೌಖಿಕ ಕಾವ್ಯಕ್ಕಾದರೋ ಹೋಲಿಕೆಗೆ ನಿಲ್ಲುವ ಮೂಲಪ್ರತಿಯೇ ಇಲ್ಲ. ಹಾಡಿದಷ್ಟು ಸಲವೂ ಅದು ಹೊಸ ಪಾಠ. ಗುಡೇಕೋಟೆ ಸೀಮೆಯಂತಹ ಪ್ರದೇಶದ ಚರಿತ್ರೆಯನ್ನು ಕಟ್ಟುವಲ್ಲಿ ಇಂತಹ ಪಾಠಗಳೇ ಆಕರಗಳಾಗಿರುವುದರಿಂದ, ಮುದ್ರಣದ ಪರಾಮರ್ಶೆಯು ಕೇವಲ ರಸಾಸ್ವಾದದ ವಿಷಯವಲ್ಲ. ಅದು ಆಕರವಿಮರ್ಶೆಯೂ ಆಗಿದೆ.

1. ತಟ್ಟೆಯ ಮಿತಿ

ಭಾರತದಲ್ಲಿ ಗ್ರಾಮಫೋನ್ ಮುದ್ರಣಗಳ ವಾಣಿಜ್ಯ ಪರಂಪರೆ ಆರಂಭವಾದುದು 1902ರಲ್ಲಿ, ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಾಗ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಆ ಮಿತಿಯೊಳಗೆ ಅಡಗಿಸಿದ್ದು ಕಲಾವಿದರ ಜಾಣ್ಮೆ. ಆದರೆ ಅಂದಿನ ಹಾಡಿಕೆಯ ವಿಸ್ತಾರವನ್ನು ಆ ತಟ್ಟೆಯಿಂದ ಅಳೆಯಲಾಗದು. ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದ್ದಾರೆ. ಪರದೇಶದಲ್ಲಿ ತಟ್ಟೆ ಒತ್ತುವವರಿಗೆ ಗುರುತು ಸಿಗಲೆಂದು ರೂಢಿಗೆ ಬಂದ ಈ ಕ್ರಮ ಇಂದು ಅಮೂಲ್ಯ ದಾಖಲೆಯಾಗಿದೆ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಈ ಗಾಯಕಿಯ ತಟ್ಟೆಗಳಿಗಿರುವಷ್ಟು ಸ್ಪಷ್ಟ ಗುರುತು ಅನಂತರದ ಅನೇಕ ಕ್ಷೇತ್ರಕಾರ್ಯದ ಟೇಪುಗಳಿಗೆ ಇಲ್ಲ.

ಮೈಸೂರಿನ ಅರಸರಾದ ಜಯಚಾಮರಾಜೇಂದ್ರ ಒಡೆಯರ್ ಅವರು ರಷ್ಯಾ ಮೂಲದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಮುದ್ರಣಕ್ಕೆ ನೀಡಿದ ನೆರವು ಇಲ್ಲಿ ಉಲ್ಲೇಖಾರ್ಹ. 1940ರ ದಶಕದ ಕೊನೆಯಲ್ಲಿ ಒಡೆಯರ ಆಶ್ರಯದಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ರೂಪುಗೊಂಡಿತು. ವೃದ್ಧರೂ ಅಸ್ವಸ್ಥರೂ ಆಗಿದ್ದ ಮೆಟ್ನರ್ ತಾವೇ ಪಿಯಾನೋ ನುಡಿಸಿ, ಫಿಲ್‌ಹಾರ್ಮೋನಿಯ ವಾದ್ಯವೃಂದದೊಂದಿಗೆ ತಮ್ಮ ಮೂರೂ ಕನ್ಚರ್ಟೊಗಳನ್ನು ಮುದ್ರಿಸಿದರು, ಮೂರನೆಯದನ್ನು ಒಡೆಯರಿಗೆ ಅರ್ಪಿಸಿದರು, 1951ರಲ್ಲಿ ನಿಧನರಾದರು. ಇವುಗಳಿಗಿಂತ ನಿರ್ಮಲವಾದ ಮುದ್ರಣಗಳು ಮುಂದೆ ಬಂದಿವೆ. ಆದರೂ ಕೃತಿಕಾರನ ಕೈಬೆರಳಿನ ನಡೆಯನ್ನು ತಿಳಿಯಲು ಆ ಹಳೆಯ ತಟ್ಟೆಗಳನ್ನೇ ಕೇಳಬೇಕು. ಧ್ವನಿಯ ಶುದ್ಧತೆ ಬೇರೆ, ಸಾಕ್ಷ್ಯದ ಶುದ್ಧತೆ ಬೇರೆ ಎಂಬ ತತ್ತ್ವ ಇದರಿಂದ ಸಿದ್ಧವಾಗುತ್ತದೆ.

2. ಹಾಡಿಕೆಯ ಅಳತೆ

ಈ ತತ್ತ್ವವನ್ನು ಬಳ್ಳಾರಿ ಸೀಮೆಗೆ ಅನ್ವಯಿಸಿದಾಗ ಮೊದಲು ಎದುರಾಗುವ ಹೆಸರು ದರೋಜಿ ಈರಮ್ಮ. ಬುಡ್ಗಜಂಗಮ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ, ಅಕ್ಷರ ಬಾರದ ಈ ಬುರ್ರಕಥೆ ಕಲಾವಿದೆ ಕುಮಾರರಾಮನ ಕಥೆ ಮೊದಲುಗೊಂಡು ಹನ್ನೆರಡು ಕಾವ್ಯಗಳನ್ನು ಕಂಠಸ್ಥವಾಗಿ ಹಾಡಬಲ್ಲವರಾಗಿದ್ದರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, ಅನಂತರ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಅವರಿಗೆ ಸಂದವು. ಅವರು 2014ರಲ್ಲಿ ನಿಧನರಾದರು. ಅವರು ಹಾಡಿದ ಕಾವ್ಯಗಳು ಪುಸ್ತಕರೂಪದಲ್ಲಿ ಉಳಿದಿವೆ.

ಆದರೆ ಪುಸ್ತಕವು ಹಾಡಿಕೆಯ ಒಂದು ಅಂಶ ಮಾತ್ರ. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ್ತಿ ಸೊಲ್ಲೆತ್ತುತ್ತಾಳೆ, ಪಕ್ಕದವರು ಬುರ್ರ ನುಡಿಸುತ್ತ ಆ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ, ನಡುನಡುವೆ ಪ್ರಶ್ನೆ ಕೇಳಿ ಕಥೆಯನ್ನು ಮುಂದೂಡುತ್ತಾರೆ. ಲಿಪೀಕರಣದಲ್ಲಿ ಪುನರುಕ್ತಿಯೆಂದು ಕೈಬಿಡಬಹುದಾದ ಸೊಲ್ಲು ಹಾಡಿಕೆಯಲ್ಲಿ ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ಸಿಗುವ ಬಿಡುವು. ಹೀಗಾಗಿ ಪಠ್ಯದ ವಿಮರ್ಶೆಗೆ ಮೊದಲು ಅದರ ಹಿಂದಿರುವ ಧ್ವನಿಮುದ್ರಣದ ವಿಮರ್ಶೆ ನಡೆಯಬೇಕಾಗುತ್ತದೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಇನ್ನೊಂದು ನಿದರ್ಶನ. ಬಿಲ್ಲನ್ನೇರಿದ ಗೊರವಯ್ಯನು 'ಸದ್ದಲೇ' ಎಂದು ಕೂಗಿದೊಡನೆ ಅಪಾರ ಜನಸಾಗರ ಮೌನವಾಗುತ್ತದೆ. ಆ ಬಳಿಕ ಬರುವುದು ಒಂದೇ ನುಡಿ. ನುಡಿಯನ್ನಷ್ಟೇ ಕತ್ತರಿಸಿಟ್ಟ ಮುದ್ರಣವು ತಾಂತ್ರಿಕವಾಗಿ ನಿರ್ದುಷ್ಟವಾಗಿದ್ದರೂ ಅಪೂರ್ಣ. ಮೊದಲಿನ ಗದ್ದಲ, ನಡುವಿನ ಮೌನ, ಅನಂತರ ನುಡಿಯ ಅರ್ಥದ ಬಗ್ಗೆ ಏಳುವ ಚರ್ಚೆ ಇವೆಲ್ಲ ಕೂಡಿದಾಗಲೇ ಅದು ಕಾರಣಿಕ.

3. ಮುದ್ರಣದ ಕಾಲ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಪಾಳೆಯಗಾರರ ನೆಲೆ. ಚಿತ್ರದುರ್ಗದ ಒನಕೆ ಓಬವ್ವನ ತವರೂರೆಂಬ ಪ್ರತೀತಿಯೂ ಇದಕ್ಕಿದೆ. ಹೈದರಾಲಿಯ ಮುತ್ತಿಗೆಯ ಸಂದರ್ಭಕ್ಕೆ ಸೇರಿದ ಓಬವ್ವನ ಸಾಹಸವು ಮುಖ್ಯವಾಗಿ ಜನರ ಬಾಯಲ್ಲಿ ಉಳಿದುಬಂದದ್ದು. 1972ರ 'ನಾಗರಹಾವು' ಚಲನಚಿತ್ರವು ಆ ಕಥೆಯನ್ನು ಹಾಡಿನ ಮೂಲಕ ನಾಡಿಗೆಲ್ಲ ಒಂದೇ ರೂಪದಲ್ಲಿ ತಲುಪಿಸಿತು. ಆದುದರಿಂದ ಅನಂತರ ಮುದ್ರಿತವಾದ ಯಾವುದೇ ಓಬವ್ವನ ಕಥನದಲ್ಲಿ ಊರಿನ ನೆನಪು ಎಷ್ಟು, ತೆರೆಯ ಮೇಲಿನ ನೆನಪು ಎಷ್ಟು ಎಂಬುದನ್ನು ಬಿಡಿಸಿ ನೋಡದೆ ಅದನ್ನು ಚರಿತ್ರೆಯ ಆಕರವಾಗಿ ಬಳಸುವಂತಿಲ್ಲ. ಹಾಡಿದವರ ವಯಸ್ಸು, ಕಲಿತ ಮೂಲ, ಮುದ್ರಣದ ವರ್ಷ ಈ ಮೂರೂ ಇಲ್ಲದ ಟೇಪು ಎಷ್ಟೇ ಇಂಪಾಗಿದ್ದರೂ ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಕ್ಯಾಸೆಟ್ಟುಗಳು ಅಗ್ಗವಾದ ಬಳಿಕ ಜನಪದ ಗೀತೆಗಳು ಕೀಬೋರ್ಡು, ತಬಲಗಳ ಹಿಮ್ಮೇಳದೊಡನೆ ಹೊಸದಾಗಿ ಮುದ್ರಣಗೊಂಡವು. ಅವುಗಳನ್ನು ಅಲ್ಲಗಳೆಯಬೇಕಾಗಿಲ್ಲ, ಹಾಡುಗಳನ್ನು ಹೊಸ ಕೇಳುಗರಿಗೆ ಮುಟ್ಟಿಸಿದ ಶ್ರೇಯಸ್ಸು ಅವುಗಳಿಗೆ ಸಲ್ಲುತ್ತದೆ. ಆದರೆ ಅವು ತಮ್ಮ ಕಾಲದ ಅಭಿರುಚಿಗೆ ಸಾಕ್ಷಿಯೇ ಹೊರತು ಮೂಲ ಹಾಡಿಕೆಗಲ್ಲ.

ಒಟ್ಟಿನಲ್ಲಿ, ಮೌಖಿಕ ಪರಂಪರೆಯ ಮುದ್ರಣವನ್ನು ಪರಾಮರ್ಶಿಸುವಾಗ ಹಾಡಿಕೆಯ ಪೂರ್ಣತೆ, ಹಿಮ್ಮೇಳದ ಇರುವಿಕೆ, ಹಾಡಿದ ಸಂದರ್ಭ, ಕೇಳಿದ ಜನ, ಕಲಾವಿದರ ಹಾಗೂ ಕಾಲದ ಗುರುತು ಇವುಗಳಿಗೆ ಮೊದಲ ಸ್ಥಾನ ಸಲ್ಲಬೇಕು. ನಾದದ ನೈರ್ಮಲ್ಯ ಅನಂತರದ್ದು. ಸ್ವರಲಿಪಿಯಿದ್ದ ಮೆಟ್ನರ್ ಅವರಿಗೇ ತಮ್ಮ ನುಡಿಸಾಣಿಕೆ ಉಳಿಯಲು ತಟ್ಟೆ ಬೇಕಾಯಿತು. ಲಿಪಿಯೇ ಇಲ್ಲದ ಕಲಾವಿದೆಯ ವಿಷಯದಲ್ಲಿ ಟೇಪು ಹಾಳಾದರೆ ಹಾಡಿಕೆಯ ಆ ಪಾಠವೇ ಅಳಿದಂತೆ. ಗ್ರಂಥಾಲಯಗಳು ಪುಸ್ತಕದ ಜೊತೆಗೆ ಅದರ ಮೂಲಧ್ವನಿಯನ್ನೂ ಗುರುತುಸಹಿತ ಕಾಯ್ದಿಡಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.