ಬಾಗಿಲಾಚೆಯ ಬಾಣಂತಿ

ದಿಲ್ಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡಿನಲ್ಲಿ ಕಾಯಿಲೆಯ ಕೂಸಿನ ಜೊತೆ ತಾಯಿ ರಾತ್ರಿ ಉಳಿಯುವುದು ಎಷ್ಟು ರೂಢಿಯೆಂದರೆ, ಅದಕ್ಕೊಂದು ಚರಿತ್ರೆ ಇದ್ದೀತೆಂದು ಯಾರಿಗೂ ಅನ್ನಿಸುವುದಿಲ್ಲ. ಡ್ರಿಪ್ ನಿಂತರೆ ಸಿಸ್ಟರನ್ನು ಕರೆಯುವವಳು ಅವಳು. ಒದ್ದೆ ಬಟ್ಟೆ ಬದಲಿಸುವವಳು, ಜ್ವರ ಏರಿದ್ದನ್ನು ಥರ್ಮಾಮೀಟರಿಗಿಂತ ಮೊದಲು ಅಂಗೈಯಲ್ಲಿ ಅರಿಯುವವಳು ಅವಳೇ. ಆದರೆ ಅದೇ ಆಸ್ಪತ್ರೆಯ ನವಜಾತ ಶಿಶುಗಳ ಐಸಿಯು ಬಾಗಿಲಿಗೆ ಬಂದೊಡನೆ ಈ ರೂಢಿ ತಲೆಕೆಳಗಾಗುತ್ತಿತ್ತು. ಎರಡು ದಿನದ ಕೂಸು ಒಳಗೆ, ಹೆತ್ತವಳು ಹೊರಗೆ. ಎರಡು ವರ್ಷದ ಮಗುವಿಗೆ ತಾಯಿ ಬೇಕೇ ಬೇಕು, ಎಳೆಗೂಸಿನ ಹತ್ತಿರ ಅವಳು ಸುಳಿಯಕೂಡದು ಎಂಬ ಈ ಏರ್ಪಾಡಿಗೆ ಇದ್ದ ದೊಡ್ಡ ಆಧಾರ ಸೋಂಕಿನ ಭಯ. ಆ ಭಯವನ್ನು ಪರೀಕ್ಷೆಗೆ ಒಡ್ಡಿ ನೋಡಿದವು ದಿಲ್ಲಿಯದೇ ಎರಡು ಆಸ್ಪತ್ರೆಗಳು. ಅಲ್ಲಿ ಸಿಕ್ಕ ಉತ್ತರವನ್ನು ಒಪ್ಪುವುದಾದರೆ, ತಾಯಿಯ ರಾತ್ರಿವಾಸವನ್ನು ಆಸ್ಪತ್ರೆಯ ಔದಾರ್ಯವೆಂದು ಕರೆಯುವುದನ್ನು ಬಿಟ್ಟು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕಾಗುತ್ತದೆ.

ಭಯಕ್ಕೆ ಕಾರಣವೇ ಇರಲಿಲ್ಲ ಎನ್ನಲಾಗದು. ಆಂಟಿಬಯಾಟಿಕ್ ಬರುವ ಮೊದಲು ಯುರೋಪಿನ ಮಕ್ಕಳ ಆಸ್ಪತ್ರೆಗಳಲ್ಲಿ ದಡಾರ, ಡಿಫ್ತೀರಿಯಾ, ಭೇದಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹಬ್ಬುತ್ತಿದ್ದವು. ಹೊರಗಿನವರನ್ನು ತಡೆಯುವುದೇ ದಾರಿಯೆಂದು ವೈದ್ಯರು ನಂಬಿದರು. ತಾಯಿಯೂ ಹೊರಗಿನವರ ಸಾಲಿಗೆ ಸೇರಿಹೋದಳು. ಬ್ರಿಟನ್ನಿನಲ್ಲಿ ವಾರಕ್ಕೊಮ್ಮೆ ಮಾತ್ರ ಮಗುವನ್ನು ನೋಡಲು ಬಿಡುತ್ತಿದ್ದ ಆಸ್ಪತ್ರೆಗಳಿದ್ದವು. ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ 1920ರ ದಶಕದಲ್ಲೇ ಶಿಶುಗಳ ಜೊತೆ ತಾಯಂದಿರನ್ನೂ ಸೇರಿಸಿಕೊಂಡರು, ಆದರೆ ಉಳಿದವರು ಕಿವಿಗೊಡಲಿಲ್ಲ. ತಾಯಿಯನ್ನು ಮಗುವಿನ ಜೊತೆ ಇರಗೊಡಬೇಕೆಂದು ಅಲ್ಲಿನ ಪ್ಲ್ಯಾಟ್ ಸಮಿತಿ ಶಿಫಾರಸು ಮಾಡಿದ್ದು 1959ರಲ್ಲಿ. ದಿಲ್ಲಿಯ ಹಾದಿಯೇ ಬೇರೆ. ಸೇಂಟ್ ಸ್ಟೀಫನ್ಸ್ ಆಸ್ಪತ್ರೆ 1885ರಲ್ಲಿ, ಲೇಡಿ ಹಾರ್ಡಿಂಜ್ 1916ರಲ್ಲಿ ಆರಂಭವಾದದ್ದು ಗಂಡು ವೈದ್ಯರ ಮುಂದೆ ಬರಲೊಲ್ಲದ ಹೆಂಗಸರಿಗಾಗಿ. ಮನೆಯವರನ್ನು ದೂರವಿಟ್ಟು ಅಂಥ ರೋಗಿಗಳನ್ನು ಒಲಿಸಿಕೊಳ್ಳುವುದು ಆಗದ ಮಾತು. ಲೇಡಿ ಹಾರ್ಡಿಂಜ್‌ಗೆ ಹೊಂದಿಕೊಂಡಂತೆ ಕಲಾವತಿ ಸರನ್ ಮಕ್ಕಳ ಆಸ್ಪತ್ರೆ 1956ರಲ್ಲಿ ಬಂತು. ಬ್ರಿಟನ್ನಿನ ಜಗಳ ನಮ್ಮ ವಾರ್ಡುಗಳಿಗೆ ಬೇಕಾಗಲೇ ಇಲ್ಲ. ಆದರೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮೊದಲು ಯೋಚಿಸಬೇಕು: ನರ್ಸುಗಳ ಕೊರತೆಯ ನಮ್ಮ ಆಸ್ಪತ್ರೆಗಳು ತಾಯಿಯನ್ನು ಉಳಿಸಿಕೊಂಡದ್ದು ಅವಳ ಹಕ್ಕನ್ನು ಮನ್ನಿಸಿ ಅಲ್ಲ, ಅವಳ ಕೈ ಬೇಕಾಗಿತ್ತು. ಅದಕ್ಕೇ ಅವಳಿಗೆ ಕೆಲಸ ಸಿಕ್ಕಿತು, ಮಂಚ ಸಿಗಲಿಲ್ಲ.

ವಾರ್ಮರ್, ಮಾನಿಟರ್, ವೆಂಟಿಲೇಟರ್‌ಗಳ ನವಜಾತ ಶಿಶು ಘಟಕಗಳು ಬಂದಾಗ ಈ ಲೆಕ್ಕ ಬಯಲಾಯಿತು. ಅಲ್ಲಿನ ಕೆಲಸಕ್ಕೆ ತರಬೇತಾದ ಕೈಗಳೇ ಬೇಕೆಂದಾಗ ತಾಯಿ ಬೇಡವಾದಳು. ಅವಳಾದರೂ ಹಸಿ ಬಾಣಂತಿ. ನಮ್ಮ ಮನೆಗಳಲ್ಲಾದರೆ ಬೆಚ್ಚನೆಯ ಕೋಣೆ, ಬಿಸಿನೀರು, ಹೊತ್ತುಹೊತ್ತಿಗೆ ಊಟ, ಕಾಲೊತ್ತಲು ಯಾರಾದರೊಬ್ಬರು, ಮಗ್ಗುಲಲ್ಲಿ ಕೂಸು. ಇಲ್ಲಿ ಹೆರಿಗೆಯಾದವರ ವಾರ್ಡು ಒಂದು ಕಡೆ, ಕೂಸು ಇನ್ನೊಂದು ಕಡೆ. ಡಿಸ್ಚಾರ್ಜ್ ಆದ ಮೇಲೆ ಕಾರಿಡಾರಿನ ಚಾದರವೇ ಗತಿ. ಒಳಗಿನಿಂದ ಕರೆದಾಗ ಹಾಲು ಹಿಂಡಿ ಕೊಟ್ಟು ಮತ್ತೆ ಅಲ್ಲಿಗೇ ಮರಳಬೇಕು.

ಈ ಬಾಗಿಲನ್ನು ಮೊದಲು ತೆರೆದು ನೋಡಿದ್ದು ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆ. ಹಿಂದೆ ಅದು ವಿಲ್ಲಿಂಗ್ಡನ್ ಆಸ್ಪತ್ರೆ. 1967ರಲ್ಲಿ ಲೋಹಿಯಾ ತೀರಿಕೊಂಡದ್ದು ಅಲ್ಲೇ. ಡಾ. ಆರತಿ ಮಾರಿಯಾ ಅವರ ತಂಡ ತಾಯಿತಂದೆಯರಿಗೆ ಕೈ ತೊಳೆಯುವುದರಿಂದ ಹಿಡಿದು ಹಾಲೂಡಿಸುವುದು, ಅಪಾಯದ ಸೂಚನೆ ಗುರುತಿಸುವುದರವರೆಗೆ ಕ್ರಮವಾಗಿ ಕಲಿಸಿ ಘಟಕದ ಒಳಗೆ ಕರೆದುಕೊಂಡಿತು. 295 ಶಿಶುಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ಆಸ್ಪತ್ರೆಯಲ್ಲಿ ತಗುಲುವ ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮನೆಗೆ ಹೋಗುವ ಹೊತ್ತಿಗೆ ಎದೆಹಾಲೊಂದನ್ನೇ ಕುಡಿಯುತ್ತಿದ್ದ ಕೂಸುಗಳು ಮಾತ್ರ ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 66.7, ಮನೆಯವರು ಒಳಗಿದ್ದ ಗುಂಪಿನಲ್ಲಿ ಶೇ. 80.4. ಈ ಪದ್ಧತಿಗೆ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಹೊರಡಿಸಿತು.

ಎರಡನೆಯ ಸಾಕ್ಷ್ಯ ಇನ್ನೂ ಗಟ್ಟಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ ಸೈನಿಕರಿಗಾಗಿ ಕಟ್ಟಿದ ಸಫ್ದರ್‌ಜಂಗ್ ಆಸ್ಪತ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪ್ರಯೋಗದಲ್ಲಿ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಆಸ್ಪತ್ರೆಗಳ ಜೊತೆ ಸೇರಿತು. ಕೂಸನ್ನು ತಾಯಿಯ ಬರಿಮೈಗೆ ಒರಗಿಸಿಡುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಿಂದಲೇ ಕೊಲಂಬಿಯಾದ ಬೊಗೋಟಾದಲ್ಲಿ ನಡೆದುಬಂದದ್ದು. ಆದರೆ ಕೂಸಿನ ಸ್ಥಿತಿ ಸುಧಾರಿಸಿದ ಮೇಲೆಯೇ ಅದನ್ನು ಶುರುಮಾಡುವುದು ವಾಡಿಕೆಯಾಗಿತ್ತು. ಇಲ್ಲಿ ಕೇಳಿದ್ದು: ಹುಟ್ಟಿದೊಡನೆಯೇ ಶುರುಮಾಡಿದರೆ? ಹಾಗೆ ಮಾಡಬೇಕಾದರೆ ತಾಯಿಯ ಮಂಚವೇ ಐಸಿಯು ಒಳಗೆ ಬರಬೇಕು, ಅವಳನ್ನು ನೋಡುವ ಹೆರಿಗೆ ವೈದ್ಯರೂ ಅಲ್ಲಿಗೇ ಬರಬೇಕು. 1 ಕಿಲೋದಿಂದ 1.8 ಕಿಲೋ ಒಳಗಿನ ತೂಕದ 3,211 ಕೂಸುಗಳ ಫಲಿತಾಂಶ 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು. ತಾಯಿಯ ಎದೆಗೊರಗಿದ ಕೂಸುಗಳು ದಿನದಲ್ಲಿ ಸುಮಾರು 17 ಗಂಟೆ ಹಾಗೇ ಇದ್ದವು. ಇನ್ನೊಂದು ಗುಂಪಿಗೆ ಐಸಿಯುನಲ್ಲಿ ಸಿಕ್ಕಿದ್ದು ಸುಮಾರು ಒಂದೂವರೆ ಗಂಟೆ. 28 ದಿನದೊಳಗೆ ತೀರಿಕೊಂಡವು ಮೊದಲ ಗುಂಪಿನಲ್ಲಿ ನೂರಕ್ಕೆ 12.0, ಇನ್ನೊಂದರಲ್ಲಿ 15.7. ಲಾಭ ಅಷ್ಟು ನಿಚ್ಚಳವಾದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ನಂಜಿನ ಶಂಕೆಯೂ ತಾಯಿ ಜೊತೆಗಿದ್ದ ಗುಂಪಿನಲ್ಲೇ ಕಡಿಮೆ. ದಿನಕ್ಕೆ 17 ಗಂಟೆ ಎಂದರೆ ರಾತ್ರಿಯೂ ಸೇರಿತು. ಭೇಟಿಯ ವೇಳೆ ನಿಗದಿಮಾಡಿ ಕೊಡುವಂಥದ್ದಲ್ಲ ಇದು.

ಇಷ್ಟಾದರೂ ಆಕ್ಷೇಪಗಳುಂಟು. ಸರ್ಕಾರ ನರ್ಸುಗಳನ್ನು ನೇಮಿಸದೆ ಆ ಕೆಲಸವನ್ನು ತಾಯಿಯ ತಲೆಗೆ ಕಟ್ಟೀತು ಎಂಬುದು ಮೊದಲನೆಯದು. ಇದು ಬರೀ ಊಹೆಯಲ್ಲ. ಮಕ್ಕಳ ವಾರ್ಡಿನಲ್ಲಿ ಇಷ್ಟು ಕಾಲ ನಡೆದದ್ದೇ ಅದು. ಆದರೆ ಲೋಹಿಯಾ ಆಸ್ಪತ್ರೆಯಲ್ಲಿ ತಾಯಿಗೆ ಕಲಿಸಿದ್ದೂ ಮೇಲ್ವಿಚಾರಣೆ ಮಾಡಿದ್ದೂ ಅಲ್ಲಿನ ಸಿಬ್ಬಂದಿಯೇ. ಕೂಸಿಗೆ ಸೂಜಿ ಚುಚ್ಚುವ ಕೆಲಸವನ್ನು ಯಾರೂ ತಾಯಿಗೆ ಒಪ್ಪಿಸಲಿಲ್ಲ. ನರ್ಸುಗಳ ಹುದ್ದೆ ಕಡಿತ ಮಾಡಲು ಈ ಪದ್ಧತಿಯನ್ನು ನೆಪವಾಗಿ ಬಳಸಿದರೆ ವಿರೋಧಿಸಬೇಕಾದ್ದು ಆ ಕಡಿತವನ್ನು. ಇನ್ನೊಂದು, ಜಾಗವೆಲ್ಲಿ ಎಂಬ ಪ್ರಶ್ನೆ. ಏಮ್ಸ್‌ನ ಝಜ್ಜರ್ ಆವರಣದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿದ 806 ಹಾಸಿಗೆಗಳ ವಿಶ್ರಾಮ ಸದನ 2021ರಲ್ಲಿ ತೆರೆಯಿತು. ರೋಗಿಯ ಜೊತೆಗೆ ಬಂದವರಿಗೆ ಸೂರು ಕಟ್ಟಲು ಮನಸ್ಸು ಮಾಡಿದರೆ ಆಗುತ್ತದೆ. ಆದರೆ ಹಾಲೂಡಿಸುವ ಬಾಣಂತಿಗೆ ಬೇರೆ ಕಟ್ಟಡದ ಸದನ ಸಾಲದು. ಅವಳಿಗೆ ಕೂಸಿನ ಪಕ್ಕದ ಮಂಚವೇ ಬೇಕು, ಜೊತೆಗೆ ಊಟ, ಶೌಚಾಲಯ, ತನ್ನ ಹೊಲಿಗೆ, ರಕ್ತಸ್ರಾವಗಳನ್ನು ನೋಡುವ ವೈದ್ಯರು. ಮನೆಯಲ್ಲಿ ಬೇರೆ ಮಕ್ಕಳಿರುವವಳು, ಸಿಸೇರಿಯನ್ ಆಗಿ ಎದ್ದು ಕೂರಲಾರದವಳು ಏನು ಮಾಡಬೇಕು ಎಂದು ಕೇಳುವವರ ಮಾತು ನ್ಯಾಯವಾದದ್ದು. ಆ ಪ್ರಯೋಗದಲ್ಲೇ ಅದಕ್ಕೆ ದಾರಿ ಇತ್ತು: ತಾಯಿಗೆ ಶಕ್ತಿ ಬರುವವರೆಗೆ ಅಥವಾ ಅವಳಿಗೆ ಬಿಡುವು ಬೇಕಾದಾಗ, ಅವಳು ಒಪ್ಪಿದ ಮನೆಯವರೊಬ್ಬರು ಕೂಸನ್ನು ಎದೆಗೊರಗಿಸಿಕೊಳ್ಳುತ್ತಿದ್ದರು. ಒಂದು ಕೂಸಿಗೆ ಒಂದೇ ಪಾಸ್ ಎಂಬ ಕಟ್ಟಳೆ ಇರುವ ಕಡೆಗಳಲ್ಲಿ ಮೊದಲು ತಿದ್ದಬೇಕಾದದ್ದು ಅದನ್ನೇ.