ಹಗ್ಗದ ಜೊತೆ ಬಂದ ಮಾತು

ರ್‍ಯಾಂಚ್, ಕೊರಾಲ್, ರೋಡಿಯೋ, ಬ್ರಾಂಕೋ. ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಪರಿಚಿತವಾದ ಈ ಮಾತುಗಳು ಇಂಗ್ಲಿಷಿಗೆ ಸಿಕ್ಕಿದ್ದು ಸ್ಪ್ಯಾನಿಷ್‌ನಿಂದ. ಪುಸ್ತಕ ಓದಿ ಯಾರೂ ಇವನ್ನು ಎತ್ತಿಕೊಳ್ಳಲಿಲ್ಲ. ಮೆಕ್ಸಿಕೋದ ದನಗಾಹಿಗಳ ಪಕ್ಕದಲ್ಲಿ ಕುದುರೆ ಓಡಿಸುತ್ತಾ ಕಸುಬು ಕಲಿತವರ ಕಿವಿಗೆ ಇವು ಬಿದ್ದವು.

1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಕುದುರೆ, ದನಗಳನ್ನು ಸಾಗಿಸಿದ. ಮುಂದಿನ ಕೆಲವು ದಶಕಗಳಲ್ಲಿ ಅವು ಮೆಕ್ಸಿಕೋ ತಲುಪಿ, ಬಯಲು ತುಂಬ ಹಬ್ಬಿದವು. ಮೂಲನಿವಾಸಿಗಳು ಕುದುರೆ ಏರುವುದನ್ನು ಸ್ಪೇನಿನ ಆಡಳಿತ ಮೊದಮೊದಲು ನಿರ್ಬಂಧಿಸಿತ್ತು. ಆದರೆ ಅಷ್ಟು ದನಗಳ ಹಿಂದೆ ಅಲೆಯಲು ಒಡೆಯರಿಗೆ ಆಳುಗಳು ಬೇಕಲ್ಲ? ಮೂಲನಿವಾಸಿಗಳು, ಮಿಶ್ರ ಸಂತತಿಯವರು, ಆಫ್ರಿಕಾ ಮೂಲದವರು ಜೀನು ಏರಿದರು. ‘ವಾಕಾ’ ಅಂದರೆ ದನ; ದನ ಕಾಯುವವನು ‘ವಾಕೇರೋ’. ಇಂಗ್ಲಿಷ್ ನಾಲಿಗೆಯಲ್ಲಿ ಅದೇ ‘ಬಕರೂ’ ಆಯಿತು.

ಒಡೆಯನಿಲ್ಲದೆ ಅಲೆಯುವ ಕುದುರೆ ‘ಮೆಸ್ತೆನ್ಯೋ’, ಮುಂದೆ ಮಸ್ಟಾಂಗ್. ಮುಳ್ಳುಪೊದೆ ತರಚದಂತೆ ಕಾಲಿಗೆ ಕಟ್ಟುವ ತೊಗಲಿನ ‘ಚಪರೇರಾಸ್’, ಮೊಟಕಾಗಿ ಚ್ಯಾಪ್ಸ್. ನ್ಯಾಯಸ್ಥಾನಕ್ಕೆ ಹೇಳುವ ‘ಹುಸ್‌ಗಾದೋ’ ಕೌಬಾಯ್‌ಗಳ ಬಾಯಲ್ಲಿ ‘ಹೂಸ್‌ಗೌ’ ಆಗಿ, ಜೈಲಿಗೆ ಅಡ್ಡಹೆಸರಾಯಿತು.

ಹಗ್ಗದ ಕತೆ ಇನ್ನೂ ಸೊಗಸು. ಹದ ಮಾಡದ ತೊಗಲನ್ನು ಎಳೆಯಾಗಿ ಸೀಳಿ ಹೆಣೆದ ‘ಲಾ ರಿಯಾತಾ’ ಇಂಗ್ಲಿಷಿನಲ್ಲಿ ಲ್ಯಾರಿಯಟ್. ಓಡುವ ಹೋರಿಯ ಕೊಂಬಿಗೆ ಕುಣಿಕೆ ಬಿದ್ದಾಗ, ಹಗ್ಗದ ಇನ್ನೊಂದು ತುದಿಯನ್ನು ಜೀನಿಗೆ ಬಿಗಿದಿದ್ದರೆ ಆ ಒಂದೇ ಜಗ್ಗಿಗೆ ತೊಗಲಿನ ಹೆಣಿಗೆ ಕಿತ್ತುಹೋಗಬಹುದು. ಆದ್ದರಿಂದ ವಾಕೇರೋ ಜೀನಿನ ಮುಂಗೊಂಬಿಗೆ ಹಗ್ಗವನ್ನು ಸರಕ್ಕನೆ ಸುತ್ತಿ, ಬೇಕಾದಷ್ಟೇ ಜಾರಬಿಟ್ಟು, ಹೋರಿಯ ವೇಗವನ್ನು ಮೆಲ್ಲಗೆ ಮುರಿಯುತ್ತಿದ್ದ. ಸುತ್ತುವಾಗ ಹೆಬ್ಬೆರಳು ನಡುವೆ ಸಿಕ್ಕರೆ ಬೆರಳೇ ಹೋಗುತ್ತಿತ್ತು. ‘ಸುತ್ತು ಹಾಕು’ ಎನ್ನುವ ‘ದಾಲೇ ವುಯೆಲ್ತಾ’ ಸವೆದು ‘ಡ್ಯಾಲಿ’ ಆಯಿತು. ಇಂದಿನ ರೋಡಿಯೋ ಕಣದಲ್ಲೂ ಅದೇ ಮಾತು, ಅದೇ ಅಪಾಯ.

1836ರಲ್ಲಿ ಟೆಕ್ಸಾಸ್ ಮೆಕ್ಸಿಕೋದಿಂದ ಬೇರೆಯಾಯಿತು. 1848ರ ಒಪ್ಪಂದದಿಂದ ಕ್ಯಾಲಿಫೋರ್ನಿಯಾ ಅಮೆರಿಕದ ಪಾಲಾಯಿತು. ನೆಲದ ಜೊತೆ ಹಿಂಡುಗಳೂ ಕೈ ಬದಲಿಸಿದವು. 1867ರಿಂದ ಟೆಕ್ಸಾಸ್‌ನ ದನಗಳು ಕಾನ್ಸಾಸ್‌ನ ಆಬಿಲೀನ್ ರೈಲುನಿಲ್ದಾಣದತ್ತ ನಡೆದಾಗ ಅವನ್ನು ಅಟ್ಟಿದವರಲ್ಲಿ ಮೆಕ್ಸಿಕನ್ನರೂ ಕರಿಯರೂ ಬಹಳ ಮಂದಿ ಇದ್ದರು. ಸಿನಿಮಾ ಅವರ ಮಾತನ್ನು ಉಳಿಸಿಕೊಂಡಿತು, ಮುಖಗಳನ್ನು ಅಳಿಸಿತು. ಇದು ಸಣ್ಣ ಅನ್ಯಾಯವಲ್ಲ.

ಹವಾಯಿಯ ಪ್ರಸಂಗವನ್ನು ಮರೆಯುವಂತಿಲ್ಲ. 1793ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಅಲ್ಲಿನ ದೊರೆ ಕಮೆಹಮೆಹನಿಗೆ ದನಗಳನ್ನು ಕಾಣಿಕೆಯಾಗಿ ಕೊಟ್ಟ. ಅವನ್ನು ಕೊಲ್ಲಬಾರದೆಂದು ದೊರೆ ಕಟ್ಟು ಮಾಡಿದ. ಹಿಂಡು ಬೆಳೆದು ಹೊಲಗದ್ದೆಗಳಿಗೆ ನುಗ್ಗಿತು. 1830ರ ದಶಕದಲ್ಲಿ ವಾಕೇರೋಗಳನ್ನು ಕರೆಸಿದರು. ‘ಎಸ್ಪಾನ್ಯೋಲ್’ ಎಂಬ ಅವರ ಹೆಸರು ದ್ವೀಪದವರ ಬಾಯಲ್ಲಿ ‘ಪನಿಯೋಲೋ’ ಆಯಿತು, ಹವಾಯಿಯ ದನಗಾಹಿಗೆಲ್ಲ ಅದೇ ಹೆಸರು ನಿಂತಿತು. ಆಬಿಲೀನ್‌ನ ಭರಾಟೆ ಶುರುವಾಗುವ ಮೂರು ದಶಕ ಮೊದಲೇ ಅವರು ಕುಣಿಕೆ ಬೀಸುತ್ತಿದ್ದರು. 1908ರಲ್ಲಿ ವಯೋಮಿಂಗ್‌ನ ಶಯೆನ್‌ನಲ್ಲಿ ನಡೆದ ಹೋರಿ ಕುಣಿಕೆಯ ಪಂದ್ಯವನ್ನು ಗೆದ್ದವನು ಇಕುವಾ ಪರ್ಡಿ ಎಂಬ ಪನಿಯೋಲೋ, ಅದೂ ಎರವಲು ಕುದುರೆಯ ಮೇಲೆ.